ಶಿಂಚುವಿನ ಹಸಿರು ಪೊಟ್ಟಣ

ಜುಲೈ 13, 2007, ಶುಕ್ರವಾರ: ವಿದ್ಯಾರಣ್ಯಪುರಂ, ಮೈಸೂರು

ನನಗಿಂತ ಒಂದು ದಿನ ಮೊದಲೇ ನನ್ನ ಸೂಟ್‌ಕೇಸು ತೈವಾನಿಗೆ ಹೊರಟಿತು. ಹೋದದ್ದು ಎದುರು ಮನೆಯವರೆಗೆ ಮಾತ್ರ. ವಿಮಾನ ಇದ್ದದ್ದು ಶನಿವಾರ ರಾತ್ರಿ. ಅಂದು ಅಮಾವಾಸ್ಯೆ, ಮರುದಿನದಿಂದ ಆಷಾಢ. ಇದು ತಿಳಿದಾಗಿನಿಂದ ಅಮ್ಮನಿಗೆ ಸಮಾಧಾನವಿರಲಿಲ್ಲ.

"ಕಂಪ್ನಿಯೋರ್ಗೆ ಹೇಳಿ ಒಂದ್ ತಿಂಗ್ಳು ಮುಂದಕ್ಕೆ ಹಾಕುಸ್ಕೊ," ಎಂದಳು.

"ಅವ್ರ ಕ್ಯಾಲೆಂಡರ್‌ನಲ್ಲಿ ಆಷಾಢ ಇಲ್ಲ ಕಣಮ್ಮ."

"ನಮ್ಮನೇದ್ರಲ್ಲಿ ಇದ್ಯಲ್ಲ!"

ಕೊನೆಗೆ ದಾರಿ ಹುಡುಕಿದವರು ಅಪ್ಪ. ಮಾರ್ಕೆಟ್ಟಿನ ಹತ್ತಿರ ಅವರದು ಗ್ರಂಧಿಗೆ ಅಂಗಡಿ. ಅರಿಸಿನ, ಕುಂಕುಮ, ವಿಭೂತಿ, ಕರ್ಪೂರ, ಊದುಬತ್ತಿ ಮಾರುತ್ತಾರೆ. ಯಾವ ಶಾಸ್ತ್ರಕ್ಕೆ ಏನು ಪರಿಹಾರ ಎಂಬುದು ಅವರಿಗೆ ಬಾಯಿಪಾಠ. "ಪೆಟ್ಗೆ ಶುಕ್ರವಾರ ಒಳ್ಳೆ ಗಳಿಗೇಲಿ ಹೊರಟ್ಬುಡ್ಲಿ. ಇವ್ಳು ಶನಿವಾರ ಪೆಟ್ಗೆ ಹಿಂದೆ ಹೋಗ್ಲಿ. ಆಗ ಪ್ರಯಾಣ ಶುಕ್ರವಾರನೇ ಶುರುವಾದಂಗೆ," ಎಂದರು. ಹೀಗೆ ಸೂಟ್‌ಕೇಸು ಆರತಿ ಎತ್ತಿಸಿಕೊಂಡು ಎದುರು ಮನೆಯ ಸರೋಜಮ್ಮನವರ ಹಜಾರದಲ್ಲಿ ಹೋಗಿ ಕುಳಿತಿತು.

ಶನಿವಾರ ಬೆಳಿಗ್ಗೆ ನೋಡಿದರೆ ಸರೋಜಮ್ಮನವರ ಮನೆಗೆ ಬೀಗ. ಅಮಾವಾಸ್ಯೆ ಎಂದು ಮನೆಮಂದಿಯೆಲ್ಲ ನಂಜನಗೂಡಿಗೆ ಹೋಗಿದ್ದರು. ನನ್ನ ಪಾಸ್‌ಪೋರ್ಟು ಸೂಟ್‌ಕೇಸಿನ ಒಳಗೇ ಇತ್ತು. ಅವರು ಬಂದದ್ದು ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ. ಅಷ್ಟು ಹೊತ್ತೂ ಅಮ್ಮ ಗೇಟಿನ ಹತ್ತಿರ ನಿಂತು, ಅಪ್ಪನನ್ನು ಬಿಟ್ಟು ಬೇರೆ ಎಲ್ಲರನ್ನೂ ಬೈದಳು. ಅಪ್ಪನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

ಜುಲೈ 16, ಸೋಮವಾರ: ಶಿಂಚು

ಶಿಂಚು ತೈವಾನಿನ ಚಿಪ್ಪುಗಳ ಊರು. ಪ್ರಪಂಚದ ಕಂಪ್ಯೂಟರು, ಮೊಬೈಲುಗಳ ಒಳಗಿನ ಕರಿಯ ಚಿಪ್ಪುಗಳಲ್ಲಿ ಎಷ್ಟೋ ಪಾಲು ಇಲ್ಲಿಂದಲೇ ಹೋಗುತ್ತದೆ. ಇಷ್ಟು ದೊಡ್ಡ ಊರಿಗೆ ಬರುತ್ತೇನೆಂದು ತಿಳಿದಾಗ ಗಾಜಿನ ಗೋಪುರಗಳನ್ನು ಕಲ್ಪಿಸಿಕೊಂಡಿದ್ದೆ. ಮೊದಲು ಎದುರಾದದ್ದು ಗಾಳಿ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಆಷಾಢದಲ್ಲಿ ಸೆರಗು ಹಿಡಿದುಕೊಂಡು ಹತ್ತುತ್ತೇವಲ್ಲ, ಅದೇ ಗಾಳಿ. ಅಮ್ಮ ತಪ್ಪಿಸಬೇಕೆಂದಿದ್ದ ಆಷಾಢ ನನಗಿಂತ ಮೊದಲೇ ಬಂದು ಇಲ್ಲಿ ಕಾಯುತ್ತಿತ್ತು.

ಕೆಲಸದ ವಿಷಯ ಹೇಳಿಬಿಡುತ್ತೇನೆ. ಪಾಲಿಟೆಕ್ನಿಕ್ ಮುಗಿಸಿ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷೆ ಮಾಡುತ್ತಿದ್ದೆ. ಸಾಲಾಗಿ ಕುಳಿತ ಹೆಂಗಸರು ಬೋರ್ಡು ಇಡಬೇಕು, ಗುಂಡಿ ಒತ್ತಬೇಕು, ತೆಗೆಯಬೇಕು. ಯಂತ್ರ ಕೆಟ್ಟರೆ ಪಕ್ಕದ ಕೋಣೆಯಿಂದ ಗಂಡಸರು ಬಂದು ಬಿಚ್ಚುತ್ತಿದ್ದರು. ಒಳಗೆ ಏನಿದೆ ಎಂದು ನಾನು ಕತ್ತು ಉದ್ದ ಮಾಡಿದರೆ, "ನೀವ್ ಕೂತ್ಕೊಳಿ ಮೇಡಂ, ಶಾಕ್ ಹೊಡ್ದಾತು," ಎನ್ನುತ್ತಿದ್ದರು. ಇಲ್ಲಿನ ಕಂಪನಿಯ ಕಾಗದದಲ್ಲಿ ನನ್ನ ಹುದ್ದೆ ಯಂತ್ರ ನೋಡಿಕೊಳ್ಳುವ ತಂತ್ರಜ್ಞೆಯದು. ಮೂರು ತಿಂಗಳು ನೋಡುತ್ತಾರೆ. ಒಪ್ಪಿಗೆಯಾದರೆ ಎರಡು ವರ್ಷ, ಇಲ್ಲದಿದ್ದರೆ ವಾಪಸು. ನನ್ನ ಡೈರಿಯಲ್ಲಿ ಅಕ್ಟೋಬರ್ ಮಧ್ಯದ ಆಚೆಗೆ ಏನನ್ನೂ ಬರೆಯಬಾರದು ಎಂದು ವಿಮಾನದಲ್ಲೇ ನಿಶ್ಚಯಿಸಿದೆ. ಮುಂಚೆಯೇ ಬರೆದು ಆಮೇಲೆ ಹೊಡೆದುಹಾಕುವುದು ನನಗೆ ಆಗದು.

ಹಾಸ್ಟೆಲ್ಲಿನಲ್ಲಿ ನನ್ನ ಜೊತೆಗಾತಿ ನಾಗರತ್ನ. ಸರಗೂರಿನ ಕಡೆಯವಳು, ನನಗಿಂತ ಒಂದು ತಿಂಗಳು ಮೊದಲು ಬಂದು ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ. ಮೊದಲ ಮಾತೇ, "ಉಪ್ಪಿನಕಾಯಿ ತಂದಿದ್ದೀಯಾ? ಇಲ್ಲಾಂದ್ರೆ ಅಂಗೇ ವಾಪಸ್ ಓಗ್ಬುಡು," ಎಂದು.

ಜುಲೈ 22, ಭಾನುವಾರ: ಹಾಡುವ ಲಾರಿ

ಮೊದಲ ವಾರದ ಲೆಕ್ಕ: ದಾರಿ ತಪ್ಪಿದ್ದು ನಾಲ್ಕು ಸಲ, ಛತ್ರಿ ಮುರಿದದ್ದು ಎರಡು, ಗೊತ್ತಿಲ್ಲದೆ ಮೀನು ಬಾಯಿಗಿಟ್ಟದ್ದು ಒಂದು. ಮೀನಿನ ಸಮಸ್ಯೆಗೆ ಮಂಗಳವಾರ ಪರಿಹಾರ ಸಿಕ್ಕಿತು. ಇಲ್ಲಿನ ಸಸ್ಯಾಹಾರಿ ಹೋಟೆಲುಗಳ ಬೋರ್ಡಿನ ಮೇಲೆ ಸ್ವಸ್ತಿಕ ಇರುತ್ತದೆ. ಅದನ್ನು ನೋಡಿದ ಮೇಲೆ ನನಗೆ ಅಕ್ಷರ ಬರದಿದ್ದರೂ ಊಟಕ್ಕೆ ತೊಂದರೆಯಿಲ್ಲ.

ಗುರುವಾರ ಸಂಜೆ ಬೀದಿಯಲ್ಲಿ ಇಂಪಾದ ಸಂಗೀತ ಕೇಳಿತು. ಜನ ಮನೆಗಳಿಂದ ಓಡಿ ಬರುತ್ತಿದ್ದರು. ಐಸ್‌ಕ್ರೀಮಿನ ಗಾಡಿ ಎಂದು ನಾನೂ ಚಿಲ್ಲರೆ ಹಿಡಿದು ಓಡಿದೆ. ಬಂದದ್ದು ಕಸದ ಲಾರಿ. ಎಲ್ಲರ ಕೈಯಲ್ಲೂ ಕಸದ ಚೀಲ, ನನ್ನ ಕೈಯಲ್ಲಿ ದುಡ್ಡು. ಲಾರಿಯವರು ನಕ್ಕು ಕೈ ಆಡಿಸಿದರು. ನಮ್ಮ ಬೀದಿಯಲ್ಲಿ ಕಸದವರು ಸೀಟಿ ಊದಿ ಊದಿ ಸುಸ್ತಾದರೂ ಯಾರೂ ಬಾಗಿಲು ತೆರೆಯುವುದಿಲ್ಲ. ಇಲ್ಲಿ ಕಸಕ್ಕೂ ಒಂದು ರಾಗ, ರಾಗಕ್ಕೆ ಇಷ್ಟು ಮರ್ಯಾದೆ.

ಆಗಸ್ಟ್ 6, ಸೋಮವಾರ: ಹನ್ನೊಂದನೇ ನಂಬರು

ನನಗೆ ಕೊಟ್ಟ ಯಂತ್ರ ಹನ್ನೊಂದನೇ ನಂಬರಿನದು. ನೋಡಲು ಕಬ್ಬಿಣದ ಬೀರು. ಚಿಪ್ಪುಗಳನ್ನು ಅದರ ಖಾನೆಗಳಲ್ಲಿಟ್ಟು ಗಂಟೆಗಟ್ಟಲೆ ಬಿಸಿ ಮಾಡುತ್ತಾರೆ. ಆ ಬಿಸಿಯಲ್ಲೂ ಕೆಲಸ ಮಾಡಿದ ಚಿಪ್ಪು ಪಾಸು. ನಾನೂ ಚಿಪ್ಪುಗಳೂ ಒಂದೇ ಸ್ಥಿತಿಯಲ್ಲಿದ್ದೇವೆ ಎಂದು ಮನೆಗೆ ಫೋನಿನಲ್ಲಿ ಹೇಳಿದೆ.

ನಮ್ಮ ಸಾಲಿನ ಮುಖ್ಯಸ್ಥೆ ಐವತ್ತು ದಾಟಿದ ಹೆಂಗಸು, ಹೆಸರು ಲಿನ್. ಹಿರಿಯ ಹೆಂಗಸರನ್ನು ಇಲ್ಲಿ ಹೆಸರಿನ ಜೊತೆ ಅಕ್ಕ ಎಂದು ಸೇರಿಸಿಯೇ ಕರೆಯುತ್ತಾರೆ, ಥೇಟ್ ನಮ್ಮ ಹಾಗೆ. ನಾನು ಕನ್ನಡದಲ್ಲೇ ಲಿನ್ ಅಕ್ಕ ಎನ್ನುತ್ತೇನೆ. ಅವರಿಗೆ ಅದು ಹಿಡಿಸಿದೆ. ನನ್ನ ಹೆಸರಿನ 'ರಿ' ಅವರ ಬಾಯಲ್ಲಿ 'ಲಿ' ಆಗುತ್ತದೆ, ಹಾಗಾಗಿ ನನ್ನನ್ನು 'ಗಿಲಿಜಾ' ಎನ್ನುತ್ತಾರೆ. ನಮ್ಮ ಮಾತು ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ. ಇಲ್ಲಿ ಅದನ್ನೆಲ್ಲ ಕನ್ನಡ ಮಾಡಿ ಬರೆದಿದ್ದೇನೆ.

ಪ್ರತಿ ಯಂತ್ರದ ಮೇಲೂ ಅದನ್ನು ನೋಡಿಕೊಳ್ಳುವ ಇಬ್ಬರ ಫೋಟೋ ಇರುವ ಕಾರ್ಡು ಅಂಟಿಸಿರುತ್ತಾರೆ. ಹನ್ನೊಂದರ ಮೇಲೆ ಅ-ಹೋಂಗ್ ಎಂಬ ಹುಡುಗನ ಫೋಟೋ ಇದೆ. ವಯಸ್ಸು ನನ್ನಷ್ಟೇ, ಮಾತು ಕಡಿಮೆ. ಪಕ್ಕದ ಚೌಕ ಖಾಲಿ. "ಮೂರು ತಿಂಗಳ ಮೇಲೆ ನಾನೂ ಅ-ಹೋಂಗನೂ ಇಬ್ಬರೂ ಹೂಂ ಅಂದರೆ ನಿನ್ನ ಫೋಟೋ ಅಲ್ಲಿ. ಅಲ್ಲಿಯವರೆಗೆ ನೋಡು, ಬಿಚ್ಚಬೇಡ," ಎಂದರು ಲಿನ್ ಅಕ್ಕ.

ಇಲ್ಲೂ ನೋಡುವುದೇ. ಆದರೆ ಇಲ್ಲಿ ಕತ್ತು ಉದ್ದ ಮಾಡಿದರೆ ಯಾರೂ ಬೇಡ ಎನ್ನುವುದಿಲ್ಲ.

ಯಂತ್ರದ ನೆತ್ತಿಯ ಮೇಲೆ ಕುರುಕಲು ತಿಂಡಿಯ ಒಂದು ಹಸಿರು ಪೊಟ್ಟಣವಿತ್ತು. ಎಲ್ಲ ಯಂತ್ರಗಳ ಮೇಲೂ ಇದೆ. ತಿಂಡಿಯ ಹೆಸರಿಗೆ 'ಜಾಣಮರಿ, ಹೇಳಿದ ಮಾತು ಕೇಳು' ಎಂಬಂಥ ಅರ್ಥವಂತೆ. ಯಂತ್ರ ಹಟ ಮಾಡದಿರಲಿ ಎಂದು ಇಡುತ್ತಾರೆ. ಅತಿ ಸೂಕ್ಷ್ಮ ಚಿಪ್ಪು ಮಾಡುವವರು ಜೋಳದ ಕುರುಕಲಿಗೆ ಕೈಮುಗಿಯುತ್ತಾರೆ! ನನಗೆ ನಗು ಬರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಆಯುಧಪೂಜೆಗೆ ಕಂಪ್ಯೂಟರಿನ ಹಣೆಗೆ ವಿಭೂತಿ ಹಚ್ಚಿದವಳು ನಾನೇ.

ಆಗಸ್ಟ್ 27, ಸೋಮವಾರ: ಪಿತೃಗಳ ಹಬ್ಬ

ಇಲ್ಲಿ ಈ ತಿಂಗಳು ಸತ್ತವರೆಲ್ಲ ಭೂಮಿಗೆ ಬರುತ್ತಾರಂತೆ. ನಮ್ಮ ಮಹಾಲಯ ಅಮಾವಾಸ್ಯೆಯನ್ನು ತಿಂಗಳುದ್ದ ಎಳೆದ ಹಾಗೆ. ಕಂಪನಿಯ ಅಂಗಳದಲ್ಲಿ ಉದ್ದುದ್ದ ಮೇಜು ಹಾಕಿ ಹಣ್ಣು, ಬಿಸ್ಕತ್ತು, ನೂಡಲ್ಸ್, ತಂಪು ಪಾನೀಯ ಎಲ್ಲ ಜೋಡಿಸಿದ್ದರು. ದೊಡ್ಡ ಮ್ಯಾನೇಜರು ಊದುಬತ್ತಿ ಹಿಡಿದು ಮೂರು ಸಲ ಬಾಗಿದರು. ಊದುಬತ್ತಿಗೆ ಅಷ್ಟು ಘಮ ಇರಲಿಲ್ಲ. ಗ್ರಂಧಿಗೆ ಅಂಗಡಿಯವರ ಮಗಳಾಗಿ ಇಷ್ಟು ಹೇಳುವ ಹಕ್ಕು ನನಗಿದೆ.

ಬತ್ತಿ ಉರಿದು ಮುಗಿಯುತ್ತಲೇ ಎಲ್ಲರೂ ತಿಂಡಿಗಳನ್ನು ಹಂಚಿಕೊಂಡರು. ನನಗೂ ಬಿಸ್ಕತ್ತು, ಒಂದು ಸೀಬೆಹಣ್ಣು. "ನೋಡ್ದಾ, ಇಲ್ಲೂ ಪ್ರಸಾದ ಐತೆ," ಎಂದಳು ನಾಗರತ್ನ. ಇಬ್ಬರೂ ಕಣ್ಣಿಗೊತ್ತಿಕೊಂಡು ತಿಂದೆವು. ಬಂದಾಗಿನಿಂದ ಅಷ್ಟು ಮನೆಯ ಹಾಗೆ ಅನ್ನಿಸಿದ್ದು ಅದೇ ಮೊದಲು.

ಆಗಸ್ಟ್ 31, ಶುಕ್ರವಾರ: ಪ್ರಸಾದ ಹಂಚಿದ್ದು

ಆಮೇಲೆ ನಾನು ಮಾಡಿದ ಯೋಚನೆ ಹೀಗಿತ್ತು. ಅಂಗಳದ ನೈವೇದ್ಯ ಅಂದೇ ಹಂಚಿ ಮುಗಿಯಿತು. ಹನ್ನೊಂದರ ಮೇಲಿನ ಪೊಟ್ಟಣ ಮಾತ್ರ ನಾನು ಬಂದಾಗಿನಿಂದ ಹಾಗೇ ಇದೆ. ನೈವೇದ್ಯವನ್ನು ದೇವರ ಮುಂದೆ ಹಳಸಲು ಬಿಡುವುದು ನಮ್ಮಲ್ಲಿ ತಪ್ಪು. ಪಾಪ, ಅ-ಹೋಂಗ್ ಮರೆತಿರಬೇಕು.

"ಎಂಗೂ ಶುಕ್ರವಾರ. ಅಂಚ್ಬುಡು," ಎಂದಳು ನಾಗರತ್ನ.

ಬೆಳಗಿನ ವಿರಾಮದಲ್ಲಿ ಪೊಟ್ಟಣವನ್ನು ಕೆಳಗಿಳಿಸಿ ಕ್ಯಾಂಟೀನಿಗೆ ಒಯ್ದೆ. ಕಾಗದದ ಲೋಟಗಳಿಗೆ ಸುರಿದು ನಮ್ಮ ಸಾಲಿನವರಿಗೆಲ್ಲ ಕೊಟ್ಟೆ. ಇಲ್ಲಿಯವರು ಯಾವುದನ್ನೇ ಕೊಟ್ಟರೂ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾರೆ. ಅ-ಹೋಂಗ್ ಕೂಡ ಹಾಗೇ ತೆಗೆದುಕೊಂಡು ತಿಂದು, "ಚೆನ್ನಾಗಿದೆ," ಎಂದ. ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಊಟವಾದ ಮೇಲೆ ಹನ್ನೊಂದರ ಮೇಲೆ ಕೆಂಪು ದೀಪ ಹತ್ತಿತು. ಒಳಗಿನ ಬಿಸಿ ಒಂದೇ ಸಮ ಇಲ್ಲವೆಂದು ಯಂತ್ರ ತಾನಾಗಿಯೇ ನಿಂತುಬಿಟ್ಟಿತ್ತು. ಅದರೊಳಗೆ ಸಂಜೆಗೆ ಹೋಗಬೇಕಾದ ತುರ್ತು ಚಿಪ್ಪುಗಳಿದ್ದವು. ಅ-ಹೋಂಗ್ ಓಡಿ ಬಂದು ಗುಂಡಿಗಳನ್ನು ನೋಡಿದ, ಆಮೇಲೆ ತಲೆ ಎತ್ತಿದ.

"ಪ್ಯಾಕೆಟ್ ಎಲ್ಲಿ?"

"ತಿಂದೆವಲ್ಲ," ಎಂದೆ.

"ಯಾರು?"

"ಎಲ್ಲರೂ. ನೀನೂ."

ಅವನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. ಮುಖ ಸುಣ್ಣದ ಹಾಗಾಯಿತು. ಸುತ್ತ ನಿಂತವರು ತಮ್ಮ ತಮ್ಮ ಯಂತ್ರದ ನೆತ್ತಿ ನೋಡಿಕೊಂಡರು. ಲಿನ್ ಅಕ್ಕ ಬಂದಾಗ ಅ-ಹೋಂಗ್ ಬಹಳ ಹೊತ್ತು ಅವರ ಭಾಷೆಯಲ್ಲಿ ಮಾತಾಡಿದ. ಕೊನೆಯ ಒಂದು ಮಾತನ್ನು ಮಾತ್ರ ನನಗೆ ತಿಳಿಯಲೆಂದೇ ಇಂಗ್ಲಿಷಿನಲ್ಲಿ ಹೇಳಿದ: "ಇವಳ ಜೊತೆ ಯಂತ್ರ ಹಂಚಿಕೊಳ್ಳಲಾರೆ."

ನನ್ನ ಕಣ್ಣು ಹೋದದ್ದು ಕಾರ್ಡಿನ ಖಾಲಿ ಚೌಕದ ಕಡೆಗೆ. ನಮ್ಮಲ್ಲಿ ಹೀಗೇ ಮಾಡುತ್ತೇವೆ ಎಂದು ವಿವರಿಸಲು ಹೋದೆ. ಪ್ರಸಾದ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದರೆ ದೇವರು ತಿಂದು ಬಿಟ್ಟದ್ದು ಎಂದಾಗುತ್ತದೆ. ಅದರಿಂದ ಸಂಗತಿ ಇನ್ನಷ್ಟು ಕೆಟ್ಟಿತು.

ಲಿನ್ ಅಕ್ಕ ಬೈಯಲಿಲ್ಲ. ಹೆಲ್ಮೆಟ್ ಒಂದನ್ನು ನನ್ನ ಕೈಗಿಟ್ಟು, "ಬಾ," ಎಂದರು.

ಅದೇ ದಿನ: ಮೂರು ಅಂಗಡಿ

ಲಿನ್ ಅಕ್ಕನ ಸ್ಕೂಟರಿನ ಹಿಂದೆ ಕುಳಿತು ಎದುರು ಗಾಳಿಯಲ್ಲಿ ಹೊರಟೆ. ಈ ಊರಿನಲ್ಲಿ ಅಜ್ಜಿಯರೂ ಸ್ಕೂಟರ್ ಓಡಿಸುತ್ತಾರೆ, ಅದೂ ಎಂಥ ವೇಗ! ಮೊದಲ ಅಂಗಡಿಯಲ್ಲಿ ಆ ತಿಂಡಿಯ ಹಳದಿ ಪೊಟ್ಟಣವಿತ್ತು. ನಾನು ಎತ್ತಿಕೊಂಡೆ. ಲಿನ್ ಅಕ್ಕ ಕಿತ್ತು ವಾಪಸಿಟ್ಟರು.

"ಹಳದಿ ಅಂದರೆ ಎಚ್ಚರಿಕೆ ದೀಪ. ಕೆಂಪು ಅಂದರೆ ನಿಂತೇ ಹೋಯಿತು. ಹಸಿರೇ ಬೇಕು."

ಎರಡನೆಯ ಅಂಗಡಿಯಲ್ಲಿ ಹಸಿರು ಇತ್ತು. ಹಿಂದೆ ತಿರುಗಿಸಿ ನೋಡಿದರೆ ಬಾಳಿಕೆಯ ತಾರೀಕು ಎರಡು ವಾರದಲ್ಲಿ ಮುಗಿಯುತ್ತಿತ್ತು. "ಇದು ಬೇಗ ಬಳಲುತ್ತದೆ," ಎಂದು ಬಿಟ್ಟರು. ವೀಳ್ಯದೆಲೆಯ ತೊಟ್ಟು ಮುರಿದಿದೆಯೇ, ತೆಂಗಿನಕಾಯಿಗೆ ಜುಟ್ಟು ಇದೆಯೇ ಎಂದು ನೋಡುವ ಗಿರಾಕಿಗಳನ್ನು ಅಪ್ಪನ ಅಂಗಡಿಯಲ್ಲಿ ಎಷ್ಟು ನೋಡಿಲ್ಲ! ಮೂರನೆಯ ಅಂಗಡಿಯಲ್ಲಿ ಎಲ್ಲ ಸರಿಯಾಗಿರುವುದು ಸಿಕ್ಕಿತು. ದುಡ್ಡು ನಾನೇ ಕೊಡುತ್ತೇನೆಂದೆ. "ಕೊಡಲೇಬೇಕು, ತಿಂದವಳು ನೀನು," ಎಂದರು. ಹೆಲ್ಮೆಟ್ಟಿನೊಳಗೆ ಅವರು ನಕ್ಕ ಹಾಗಿತ್ತು. ಖಾತ್ರಿಯಿಲ್ಲ.

ವಾಪಸು ಬಂದು ಪೊಟ್ಟಣವನ್ನು ಎರಡು ಕೈಯಲ್ಲಿ ಅ-ಹೋಂಗನಿಗೆ ಕೊಟ್ಟೆ. ಅವನು ಅದರ ಮೇಲೆ ಯಂತ್ರದ ನಂಬರು ಬರೆದು ನೆತ್ತಿಯ ಮೇಲಿಟ್ಟು ಕೈಜೋಡಿಸಿದ. ನಾನೂ ಜೋಡಿಸಿದೆ. ಗುಂಡಿ ಒತ್ತಿದ. ಕೆಂಪು ದೀಪ ಹಾಗೇ ಇತ್ತು.

ಆಗ ಲಿನ್ ಅಕ್ಕ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕಡೆ ಚಾಚಿದರು.

"ಪೂಜೆ ಆಯಿತು. ಈಗ ಬಿಚ್ಚು."

ಅ-ಹೋಂಗ್ ಏನೋ ಗೊಣಗಿದ. ಲಿನ್ ಅಕ್ಕ, "ಆರು ವಾರ ನೋಡಿದ್ದಾಳೆ. ಏನು ನೋಡಿದಳೋ ನೋಡೋಣ," ಎಂದರು.

ಕರೆಂಟು ತೆಗೆದು, ತಣ್ಣಗಾಗಲು ಬಿಟ್ಟು, ಹಿಂದಿನ ತಗಡು ಬಿಚ್ಚಿದೆ. ಮೊದಲ ಸ್ಕ್ರೂ ಕೈಯಿಂದ ಜಾರಿ ಅ-ಹೋಂಗನ ಬೂಟಿನ ಹತ್ತಿರ ಬಿತ್ತು. ಅವನು ಎತ್ತಿ ಕೊಟ್ಟ. ಬಿಸಿ ಒಂದೇ ಸಮ ಇಲ್ಲವೆಂದರೆ ಗಾಳಿ ಒಂದೇ ಸಮ ಇಲ್ಲ. ಒಳಗೆ ಮೂರು ಫ್ಯಾನುಗಳಿದ್ದವು. ಲಿನ್ ಅಕ್ಕ ಫ್ಯಾನುಗಳಿಗೆ ಮಾತ್ರ ಕರೆಂಟು ಕೊಟ್ಟಾಗ ಮೂರೂ ತಿರುಗಿದವು. "ಫ್ಯಾನ್ ಸರಿಯಿದೆ," ಎಂದ ಅ-ಹೋಂಗ್. ಆದರೆ ಅದರಲ್ಲೊಂದು ಸಣ್ಣಗೆ ಕಿರಗುಟ್ಟುತ್ತಿತ್ತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಅಪ್ಪನ ಅಂಗಡಿಯ ಟೇಬಲ್ ಫ್ಯಾನಿಗೆ ಅರಿಸಿನ ಕುಂಕುಮದ ಪುಡಿ ಹೊಕ್ಕು ಪ್ರತಿ ವರ್ಷ ದಸರೆಯ ಹೊತ್ತಿಗೆ ಅದು ಹೀಗೇ ನರಳುತ್ತದೆ. ತಿರುಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಬಿಚ್ಚಿ ಒರೆಸುವ ಕೆಲಸ ಮನೆಯಲ್ಲಿ ನನ್ನದೇ.

ಕಾಗದದ ಕರವಸ್ತ್ರದ ಒಂದು ಎಳೆ ಹರಿದು ಫ್ಯಾನುಗಳ ಮುಂದೆ ಹಿಡಿದೆ. ಮೊದಲನೆಯದರ ಮುಂದೆ ಪಟಪಟನೆ ಹಾರಿತು. ಎರಡನೆಯದರ ಮುಂದೆಯೂ ಹಾರಿತು. ಮೂರನೆಯದರ ಮುಂದೆ ಜೋತುಬಿದ್ದಿತು.

ಉಗ್ರಾಣದಿಂದ ಹೊಸ ಫ್ಯಾನು ತಂದವನು ಅ-ಹೋಂಗ್. ಕೂರಿಸಿದವಳು ನಾನು. ಟಾರ್ಚು ಹಿಡಿದವನೂ ಅವನೇ. ಹಸಿರು ದೀಪ ಹತ್ತಿದಾಗ ಅವನು ಮೊದಲು ನೋಡಿದ್ದು ನೆತ್ತಿಯ ಮೇಲಿನ ಪೊಟ್ಟಣವನ್ನು, ಆಮೇಲೆ ನನ್ನನ್ನು.

"ಪ್ಯಾಕೆಟ್ಟಿನಿಂದಲೋ ಫ್ಯಾನಿನಿಂದಲೋ?" ಎಂದು ಲಿನ್ ಅಕ್ಕನನ್ನು ಕೇಳಿದೆ.

"ಫ್ಯಾನ್ ಇಲ್ಲದಿದ್ದರೆ ಯಂತ್ರ ತಿರುಗುವುದಿಲ್ಲ. ಪ್ಯಾಕೆಟ್ ಇಲ್ಲದಿದ್ದರೆ ಅ-ಹೋಂಗ್ ತಿರುಗುವುದಿಲ್ಲ. ನನಗೆ ಎರಡೂ ಬೇಕು," ಎಂದು ಹೊರಟುಹೋದರು. ಸ್ಕ್ರೂಡ್ರೈವರನ್ನು ವಾಪಸು ಕೇಳಲಿಲ್ಲ.

ಸೆಪ್ಟೆಂಬರ್ 2, ಭಾನುವಾರ: ಅಪ್ಪನ ತೀರ್ಪು

ಭಾನುವಾರದ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅಪ್ಪ ನನ್ನ ಪರ ವಹಿಸುತ್ತಾರೆಂದು ನಂಬಿದ್ದೆ.

"ಅಲ್ಲ ಕಣೇ, ಅದು ನೈವೇದ್ಯ ಹೆಂಗಾಯ್ತದೆ? ಅದು ಕಾವಲು. ನಮ್ಮಂಗ್ಡಿ ಬಾಗ್ಲಲ್ಲಿ ಬೂದುಗುಂಬಳಕಾಯಿ ಕಟ್ಟಿದ್ದೀವಲ್ಲ, ಅದ್ನ ಯಾರಾದ್ರೂ ಬಿಚ್ಚಿ ಪಲ್ಯ ಮಾಡ್ತಾರಾ?"

ನನಗೆ ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಆ ಕುಂಬಳಕಾಯಿಯ ಕೆಳಗೆ ತಲೆ ತಗ್ಗಿಸಿ ಓಡಾಡಿದ್ದೇನೆ.

ಹಿಂದಿನಿಂದ ಅಮ್ಮನ ದನಿ: "ಆಷಾಢದಲ್ಲಿ ಹೋಗ್ಬೇಡ ಅಂತ ಹೇಳಿರ್ಲಿಲ್ವಾ!"

ಸೋಮವಾರ ಕುಂಬಳಕಾಯಿಯ ಚಿತ್ರ ಬರೆದು ಅ-ಹೋಂಗನಿಗೆ ತೋರಿಸಿದೆ. ಬಾಗಿಲು, ದಾರ, ಕಾಯಿ, ಪಕ್ಕದಲ್ಲಿ ಅದನ್ನು ಹೆಚ್ಚುತ್ತಿರುವ ಒಬ್ಬಳು ಪೆದ್ದಿ. ಅವನು ಬಹಳ ಹೊತ್ತು ನೋಡಿ, ಪೆದ್ದಿಯ ಎದೆಯ ಮೇಲೆ 'ಗಿಲಿಜಾ' ಎಂದು ಬರೆದು, ಚಿತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಅಂದಿನಿಂದ ತಗಡು ಬಿಚ್ಚುವಾಗಲೆಲ್ಲ ಕರೆಯತೊಡಗಿದ. ಆದರೂ ಆ ಶುಕ್ರವಾರದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ಅಕ್ಟೋಬರ್ 20, ಶನಿವಾರ: ಆಯುಧಪೂಜೆ

ಮೂರು ತಿಂಗಳು ಮುಗಿದ ದಿನ ಯಾರೂ ಏನೂ ಹೇಳಲಿಲ್ಲ. ಮರುದಿನವೂ ಇಲ್ಲ. ನಾಗರತ್ನ, "ಏಳ್ದೆ ಇದ್ರೆ ಒಳ್ಳೇದೇ ಕಣೆ, ಬೇಡ ಅನ್ನೋರು ಬೇಗ ಏಳ್ತಾರೆ," ಎಂದು ಧೈರ್ಯ ಹೇಳಿ, ನನ್ನ ಉಪ್ಪಿನಕಾಯಿಯ ಬಾಟಲಿ ಖಾಲಿ ಮಾಡಿದಳು.

ಇಂದು ಮೈಸೂರಿನಲ್ಲಿ ಆಯುಧಪೂಜೆ. ಸೈಕಲ್ಲಿನಿಂದ ಸಿಟಿ ಬಸ್ಸಿನವರೆಗೆ ಎಲ್ಲದರ ಮೂತಿಗೂ ಸೇವಂತಿಗೆ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಅಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಶನಿವಾರದ ಪಾಳಿಗೆ ಹೋಗಿ ಲಿನ್ ಅಕ್ಕನನ್ನು ಕೇಳಿದೆ: ನಮ್ಮ ಹಬ್ಬ, ಯಂತ್ರಕ್ಕೆ ಸ್ವಲ್ಪ ವಿಭೂತಿ ಹಚ್ಚಲೇ?

"ಪುಡಿ ಬೇಡ. ಹೂವು ಬೇಡ. ನೀರು ಬೇಡ. ಬೆಂಕಿ ಬೇಡವೇ ಬೇಡ."

"ಹಾಗಾದರೆ ಇನ್ನೇನು ಉಳಿಯಿತು?"

ಅವರು ಮೇಜಿನ ಕೆಳಗಿನಿಂದ ಹೊಸದೊಂದು ಹಸಿರು ಪೊಟ್ಟಣ ತೆಗೆದರು. "ಹಬ್ಬ ಅಂತ ಅ-ಹೋಂಗ್ ತಂದಿದ್ದಾನೆ. ನಿಮ್ಮ ಭಾಷೆಯಲ್ಲಿ ಬರಿ."

'ಹಟ ಮಾಡಬೇಡ ತಾಯಿ' ಎಂದು ದಪ್ಪ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದೆ. ಏನು ಬರೆದೆ ಎಂದು ಅ-ಹೋಂಗ್ ಕೇಳಿದ. ಹೇಳಿದೆ. "ಯಂತ್ರ ಹೆಂಗಸೇ?" ಎಂದ. "ಇಂದು ಒಂದು ದಿನ ಹೌದು," ಎಂದೆ. ಹಳೆಯದನ್ನು ಇಳಿಸಿ ಹೊಸದನ್ನು ಇಡಲು ಹೋದಾಗ ಕಾರ್ಡು ಕಣ್ಣಿಗೆ ಬಿತ್ತು. ಅ-ಹೋಂಗನ ಪಕ್ಕದ ಚೌಕದಲ್ಲಿ ನನ್ನ ಫೋಟೋ ಇತ್ತು. ಬಂದ ದಿನ ಗೇಟಿನಲ್ಲಿ ತೆಗೆದದ್ದು, ಗಾಳಿಗೆ ಕೂದಲೆಲ್ಲ ಕೆದರಿ ನಿಂತಿದೆ.

"ಬೇರೆ ಫೋಟೋ ಇರಲಿಲ್ಲವಾ?" ಎಂದಷ್ಟೇ ಬಾಯಿಂದ ಬಂತು.

"ಇದನ್ನು ನೋಡಿದರೆ ಯಂತ್ರವೂ ಹೆದರುತ್ತದೆ," ಎಂದ ಅ-ಹೋಂಗ್. ನಾನು ಕೆಳಗಿಳಿಸಿದ್ದ ಹಳೆಯ ಪೊಟ್ಟಣವನ್ನು ಎರಡು ಕೈಯಲ್ಲಿ ತೆಗೆದುಕೊಂಡು ತನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಹಾಸ್ಟೆಲ್ಲಿಗೆ ಬಂದು ಮನೆಗೆ ಫೋನು ಮಾಡಿದೆ. ಅಂಗಡಿಯ ಗದ್ದಲದ ನಡುವೆ ಅಪ್ಪ ಕೂಗಿ ಕೇಳಿದರು: "ಪೂಜೆ ಆಯ್ತೇನಮ್ಮ? ಪ್ರಸಾದ ಹಂಚಿದ್ಯಾ?"

"ಪೂಜೆ ಆಯ್ತಪ್ಪ. ಪ್ರಸಾದ ಮುಟ್ಲಿಲ್ಲ."

ಆಮೇಲೆ ಡೈರಿ ತೆರೆದೆ. ಕೊನೆಯ ಪುಟದಲ್ಲಿ ಮುಂದಿನ ವರ್ಷದ ಪುಟ್ಟ ಕ್ಯಾಲೆಂಡರ್ ಇದೆ. ಇಷ್ಟು ದಿನ ಅದನ್ನು ತಿರುವಿ ನೋಡಿರಲಿಲ್ಲ. ಹೊಸ ಪೊಟ್ಟಣದ ಬಾಳಿಕೆ ಮುಗಿಯುವುದು ಮೇ ತಿಂಗಳ ಒಂಬತ್ತಕ್ಕೆ. ಆ ತಾರೀಕಿನ ಸುತ್ತ ಒಂದು ವೃತ್ತ ಹಾಕಿ ಪಕ್ಕದಲ್ಲಿ ಬರೆದುಕೊಂಡೆ: ಹನ್ನೊಂದಕ್ಕೆ ಹೊಸದು ತರಬೇಕು, ಹಸಿರೇ.